ಕಂದಾಯದ ರಸೀದಿ ನಂಬಿ ಮಳಿಗೆ ಕೊಂಡು ಕೆಟ್ಟೆ

ಮಳಿಗೆ ಹುಡುಕುತ್ತಿರುವವರು ಅಡ್ವಾನ್ಸ್ ಕೊಡುವ ಮುಂಚೆ ಇದನ್ನೊಮ್ಮೆ ಓದಿ. 2023ರಲ್ಲಿ ನಾನೊಂದು ಕಟ್ಟಡದ ನೆಲಮಹಡಿಯಲ್ಲಿ ಅಂಗಡಿ ಕೊಂಡೆ. ಈಗ ಅದನ್ನು ಯಾಕೆ ತೆಗೆಸಬಾರದು ಎಂದು ನೋಟಿಸ್ ಬಂದಿದೆ.

ಮಾರಿದವರು ತೋರಿಸಿದ ಫೈಲು ದಪ್ಪಗಿತ್ತು. ಕ್ರಯಪತ್ರ, ಖಾತಾ, ಕರೆಂಟ್ ಬಿಲ್, 11 ವರ್ಷದ ಕಂದಾಯದ ರಸೀದಿ. ಅದೂ ವಾಣಿಜ್ಯ ದರದಲ್ಲಿ ಕಟ್ಟಿದ್ದು. ಅಂಗಡಿ ಅಂತಲೇ ಕಂದಾಯ ತೆಗೆದುಕೊಂಡಿದ್ದಾರಲ್ಲ, ಇನ್ನೇನು ಬೇಕು ಅಂದುಕೊಂಡೆ. ಬ್ಯಾಂಕಿನ ವಕೀಲರು ಮಾತ್ರ ಓಸಿ ಎಲ್ಲಿ ಎಂದು ಕೇಳಿದರು. ಅದೇ, ಸ್ವಾಧೀನಾನುಭವ ಪತ್ರ; ಕಟ್ಟಡ ಮಂಜೂರಾದ ನಕ್ಷೆಯ ಪ್ರಕಾರ ಇದೆ, ಬಳಸಬಹುದು ಎಂದು ಸ್ಥಳೀಯ ಸಂಸ್ಥೆ ಕೊಡುವ ಕಾಗದ.

"ಈ ಬೀದೀಲಿ ಯಾರ ಹತ್ರ ಓಸಿ ಇದೆ ಹೇಳಿ ಸಾರ್? ಬ್ಯಾಂಕಿನವರು ಸುಮ್ನೆ ತಲೆ ತಿಂತಾರೆ. ನಾನು ಬೇರೆ ಕಡೆ ಸಾಲ ಮಾಡಿಸ್ತೀನಿ" ಎಂದರು ಮಾರುವವರು. ಮಾಡಿಸಿದರು ಕೂಡ, ಬಡ್ಡಿ ಜಾಸ್ತಿ ಅಷ್ಟೇ. ನಾನು ಅಲ್ಲೇ ಎದ್ದು ಬರಬೇಕಿತ್ತು.

2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಮೀರತ್‌ನ ಒಂದು ಕೇಸಿನಲ್ಲಿ ತೀರ್ಪು ಕೊಟ್ಟಿತು. ಮನೆಗೆಂದು ಕೊಟ್ಟ ಸೈಟಿನಲ್ಲಿ ಅಂಗಡಿಗಳು ಎದ್ದಿದ್ದವು. ಬಹಳ ವರ್ಷದಿಂದ ಇದೆ, ಅಧಿಕಾರಿಗಳು ಸುಮ್ಮನಿದ್ದರು, ದುಡ್ಡು ಸುರಿದಿದ್ದೇವೆ ಅಂದರೆ ಅಕ್ರಮ ಸಕ್ರಮ ಆಗುವುದಿಲ್ಲ ಎಂದಿತು ಕೋರ್ಟು. ಓಸಿ ನೋಡದೆ ಬ್ಯಾಂಕು ಸಾಲ ಕೊಡಬಾರದು, ಕರೆಂಟು, ನೀರು ಕೊಡಬಾರದು, ಅಕ್ರಮ ಕಟ್ಟಡದಲ್ಲಿ ವ್ಯಾಪಾರಕ್ಕೆ ಲೈಸೆನ್ಸ್ ಕೊಡಬಾರದು ಎಂದೂ ಹೇಳಿತು. ಮೀರತ್ ಎಲ್ಲಿ, ನಾವೆಲ್ಲಿ ಅಂತ ನಾನು ಪೇಪರ್ ಮಡಿಸಿಟ್ಟೆ.

ಮುಂದಿನ ಸಲ ಟ್ರೇಡ್ ಲೈಸೆನ್ಸ್ ನವೀಕರಣಕ್ಕೆ ಹೋದಾಗ ಕೌಂಟರಿನಲ್ಲಿ ಕೇಳಿದ ಮೊದಲ ಕಾಗದವೇ ಓಸಿ.

ಆಮೇಲೆ ಬುದ್ಧಿ ಬಂತು. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ಕಟ್ಟಡದ ಮಂಜೂರಾದ ನಕ್ಷೆ ತರಿಸಿದೆ. 30 ದಿನದೊಳಗೆ ಉತ್ತರ ಕೊಡಬೇಕು, ಕೊಟ್ಟರು. ಕೊಳ್ಳುವ ಮುಂಚೆ ಇಷ್ಟು ಮಾಡಿದ್ದರೆ ಸಾಕಿತ್ತು, ಅಲ್ವಾ? ನಕ್ಷೆಯನ್ನು ಮೇಜಿನ ಮೇಲೆ ಹರಡಿ ನನ್ನ ಅಂಗಡಿ ಹುಡುಕಿದೆ. ಆ ಜಾಗದಲ್ಲಿ ಎರಡು ಕಾರು ಬರೆದಿದ್ದರು. ಪಕ್ಕದಲ್ಲಿ ಸ್ಟಿಲ್ಟ್ ಪಾರ್ಕಿಂಗ್ ಎಂದಿತ್ತು, ಅಂದರೆ ಕಟ್ಟಡದ ಕೆಳಗೆ ಕಂಬಗಳ ನಡುವೆ ವಾಹನ ನಿಲ್ಲಿಸುವ ಜಾಗ. ನನ್ನ ಗಲ್ಲಾಪೆಟ್ಟಿಗೆ ಇರುವ ಮೂಲೆಗೆ ಸರಿಯಾಗಿ ಒಂದು ಕಾರಿನ ಮುಂದಿನ ಚಕ್ರ. ಒಂದು ಕ್ಷಣ ನಗುವೇ ಬಂತು.

ಖಾತಾ ಹೇಳುವುದು ಕಂದಾಯ ಯಾರು ಕಟ್ಟಬೇಕು ಅಂತ. ಕಟ್ಟಡ ನಕ್ಷೆಯ ಪ್ರಕಾರ ಇದೆಯಾ ಅಂತ ಅಲ್ಲ. ರಸೀದಿಯೂ ಅಷ್ಟೇ. ಕ್ರಯಪತ್ರ ನೋಂದಣಿ ಆಗಿದೆ ಎಂದರೂ ಅಷ್ಟೇ.

ಒಂದು ಸಮಾಧಾನ ಇದೆ. 2024ರ ನವೆಂಬರ್ 13ರ ಇನ್ನೊಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟು, ಕೆಡವುವ ಮುಂಚೆ ಕನಿಷ್ಠ 15 ದಿನದ ನೋಟಿಸ್ ಕೊಡಲೇಬೇಕು, ಮಾಲೀಕರ ಮಾತು ಕೇಳಲೇಬೇಕು ಎಂದಿದೆ. ರಸ್ತೆ, ಫುಟ್‌ಪಾತ್ ಒತ್ತುವರಿ ಮಾಡಿದವರಿಗೆ ಈ ರಕ್ಷಣೆ ಇಲ್ಲ. ನಾನು ವಕೀಲರ ಮೂಲಕ ಉತ್ತರ ಕೊಟ್ಟಿದ್ದೇನೆ. ಪಾರ್ಕಿಂಗ್ ಜಾಗವನ್ನು ಅಂಗಡಿ ಅಂತ ವಾದಿಸುವುದು ಕಷ್ಟ ಎಂದು ಅವರೇ ಹೇಳಿದರು.

ಮಾರಿದವರಿಗೆ ಹೋದ ವಾರ ಫೋನ್ ಮಾಡಿದ್ದೆ. ಕೋಪ ಇಲ್ಲ, ಗಾಬರಿ ಇಲ್ಲ. "ನಕ್ಷೆ ನೀವು ಕೇಳಲೇ ಇಲ್ವಲ್ಲ ಸಾರ್" ಅಂದರು.