ದುರ್ಗದ ಬೈಲಿನಲ್ಲಿ ಕೂತು ಪೆಸಿಫಿಕ್ ಅಲೆಯ ಲೆಕ್ಕ: ಬೋಯ್ ಪುಟ, ವಿಂಡಿ ಮತ್ತು ಒಂದು ದುಡ್ಡಿನ ಆ್ಯಪ್

ಸರ್ಫಿಂಗ್, ಅಂದ್ರೆ ಹಲಗೆ ಮೇಲೆ ನಿಂತು ಅಲೆ ಸವಾರಿ ಮಾಡೋದು, ನನಗೆ ಬರೋದಿಲ್ಲ. ಹುಬ್ಬಳ್ಳಿಯ ದುರ್ಗದ ಬೈಲ್ ಹತ್ತಿರ ತಾಡಪತ್ರಿ, ಪೈಪು, ಹಗ್ಗ ಮಾರುವ ಅಂಗಡಿ ನನ್ನದು. ಕಡಲು ನೋಡಬೇಕಂದ್ರೆ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯಬೇಕು. ಆದರೆ ಮಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದಾನೆ. ಬೆಳಗಾದರೆ ಹಲಗೆ ಹಿಡಿದು ಓಷನ್ ಬೀಚಿಗೆ ಹೋಗುತ್ತಾನೆ. ಅಲ್ಲಿ ನೀರು ತಣ್ಣಗೆ, ಅಲೆ ದೊಡ್ಡದು, ಸೆಳೆತ ಜಾಸ್ತಿ. ಬೇಡ ಅಂದ್ರೆ ಕೇಳೋ ವಯಸ್ಸಲ್ಲ. ಹೀಗಾಗಿ ಆ ದಂಡೆಯ ಅಲೆ, ಗಾಳಿ ನೋಡುವುದು ನನ್ನ ಸಂಜೆಯ ಕೆಲಸ ಆಗಿಬಿಟ್ಟಿದೆ. ಇಲ್ಲಿ ಸಂಜೆ ಏಳು ಅಂದ್ರೆ ಅಲ್ಲಿ ಬೇಸಿಗೆಯಲ್ಲಿ ಬೆಳಗಿನ ಆರೂವರೆ. ಅವನು ವೆಟ್‌ಸೂಟ್ (ತಣ್ಣೀರಿಗೆ ಹಾಕುವ ರಬ್ಬರಿನ ಉಡುಪು) ಏರಿಸುವ ಹೊತ್ತಿಗೆ ನನ್ನ ಗಲ್ಲೆಯ ಮುಂದೆ ಗಿರಾಕಿ ಸ್ವಲ್ಪ ತೆಳುವಾಗಿರುತ್ತಾರೆ.

ಕೆಲವು ವರ್ಷಗಳಿಂದ ಮೂರು ಸಾಧನ ಬಳಸುತ್ತಿದ್ದೇನೆ. ಒಂದು, ಅಮೆರಿಕದ ನ್ಯಾಷನಲ್ ಡೇಟಾ ಬೋಯ್ ಸೆಂಟರಿನ ಪುಟ; ಬೋಯ್ ಅಂದ್ರೆ ಸಮುದ್ರದಲ್ಲಿ ತೇಲುತ್ತಾ ಅಲೆ, ಗಾಳಿ ಅಳೆಯುವ ಉಪಕರಣ. ಎರಡು, ವಿಂಡಿ ಅನ್ನೋ ಹವಾಮಾನ ನಕ್ಷೆ. ಮೂರನೆಯದು ಸರ್ಫ್ ಮಾಡುವವರಿಗಾಗಿಯೇ ಇರುವ ದುಡ್ಡಿನ ಆ್ಯಪ್. ಅದರ ಬಗ್ಗೆ ಸ್ವಲ್ಪ ತಕರಾರು ಇರುವುದರಿಂದ ಹೆಸರು ಹಾಕುವುದಿಲ್ಲ. ನನ್ನ ತೀರ್ಪು ಈಗಲೇ ಬೇಕಾದರೆ: ದುಡ್ಡು ಕೇಳದ ಎರಡೇ ಸಾಕು. ಆದರೆ ಅವನ್ನು ಓದೋದು ಕಲಿಯಬೇಕು.

ದುಡ್ಡಿನ ಆ್ಯಪ್ ಮೊದಲು ಮುಗಿಸಿಬಿಡೋಣ. ನೋಡೋಕೆ ಚೆಂದ. ದಂಡೆಯ ಹೆಸರು ಒತ್ತಿದರೆ ಬಣ್ಣದ ಪಟ್ಟಿ ಬರುತ್ತದೆ, ಹಸಿರು ಅಂದ್ರೆ ಒಳ್ಳೇದು, ಕಿತ್ತಳೆ ಅಂದ್ರೆ ಸಾಧಾರಣ. ಅಲೆ ಎಷ್ಟು ಅಡಿ ಅಂತ ಒಂದು ಅಂಕಿ. ಮೊದಮೊದಲು ನನಗೂ ಅದೇ ಸುಲಭ ಅನ್ನಿಸಿತ್ತು. ಆದರೆ ಆ ಹಸಿರು ಯಾರಿಗೆ ಹಸಿರು? ಹದಿನೈದು ವರ್ಷ ಅಲೆ ಸವಾರಿ ಮಾಡಿದವನಿಗೋ, ಕಲಿತು ಎರಡು ವರ್ಷ ಆದವನಿಗೋ? ಆ್ಯಪ್ ಅದನ್ನು ಕೇಳುವುದೇ ಇಲ್ಲ. ಅಲೆ ಆಕಾರ ಚೆನ್ನಾಗಿದ್ದರೆ ಹಸಿರು, ಅಷ್ಟೇ. ಆಕಾರ ಚೆನ್ನಾಗಿರುವ ದೊಡ್ಡ ಅಲೆಯೇ ಹೊಸಬರಿಗೆ ಹೆಚ್ಚು ಕಷ್ಟ ಅಲ್ವಾ?

ಇನ್ನೊಂದು, ವ್ಯಾಪಾರದವನ ಕಣ್ಣಿಗೆ ಬಿದ್ದದ್ದು. ಟ್ರಯಲ್ ಮುಗಿದ ಕೂಡಲೇ ವರ್ಷದ ದುಡ್ಡು ಡಾಲರ್ ಲೆಕ್ಕದಲ್ಲಿ ಕಾರ್ಡಿನಿಂದ ಹೋಯಿತು. ನಿಲ್ಲಿಸುವ ಬಟನ್ ಹುಡುಕೋಕೆ ಮೂರು ಪುಟ ಒಳಗೆ ಹೋಗಬೇಕು. ನಾನು ತಾಡಪತ್ರಿಯನ್ನು ಹೀಗೆ ಮಾರಿದರೆ ನವಲಗುಂದದ ರೈತರು ಅಂಗಡಿ ಮುಂದೆ ಬಂದು ಕೂರುತ್ತಾರೆ.

ಈಗ ಬೋಯ್ ಪುಟ. ಇದರ ಬಗ್ಗೆ ಎಷ್ಟು ಬರೆದರೂ ಕಡಿಮೆಯೇ. ಸ್ಯಾನ್ ಫ್ರಾನ್ಸಿಸ್ಕೋದಿಂದ ಪಶ್ಚಿಮಕ್ಕೆ 18 ನಾಟಿಕಲ್ ಮೈಲಿ, ಅಂದ್ರೆ ಸುಮಾರು 33 ಕಿಲೋಮೀಟರ್ ದೂರದ ಸಮುದ್ರದಲ್ಲಿ 46026 ಅನ್ನೋ ಬೋಯ್ ತೇಲುತ್ತಿದೆ. ಅದರ ಪುಟದಲ್ಲಿ ಹಸಿರು, ಕಿತ್ತಳೆ ಪಟ್ಟಿ ಇಲ್ಲ, ಮುಖ್ಯವಾಗಿ ಅಂಕಿಗಳ ಸಾಲು. ಅಲೆಯ ಎತ್ತರ, ಅಲೆಯ ಅವಧಿ, ಯಾವ ದಿಕ್ಕಿನಿಂದ, ಗಾಳಿ, ನೀರಿನ ಉಷ್ಣತೆ. ನೋಡಿದ ಕೂಡಲೇ ನನಗೆ ನಮ್ಮ ಸ್ಟಾಕ್ ರಿಜಿಸ್ಟರ್ ಓದಿದಷ್ಟು ಸಮಾಧಾನ. ಇದು ಮುನ್ಸೂಚನೆ ಅಲ್ಲ, ಆಗಿರುವುದು. ಕಂಪ್ಯೂಟರ್ ಊಹೆ ಮಾಡಿದ್ದಲ್ಲ, ನೀರಿನ ಮೇಲೆ ಏರಿಳಿದ ಬೋಯ್ ಅಳೆದದ್ದು.

ಎತ್ತರದ ಅಂಕಿಯಲ್ಲಿ ಒಂದು ಸೂಕ್ಷ್ಮ ಇದೆ. 2 ಮೀಟರ್ ಅಂತ ಇದ್ದರೆ ಎಲ್ಲಾ ಅಲೆ 2 ಮೀಟರ್ ಅಂತ ಅರ್ಥ ಅಲ್ಲ. ಬಂದ ಅಲೆಗಳಲ್ಲಿ ಅತಿ ದೊಡ್ಡ ಮೂರನೇ ಒಂದು ಭಾಗದ ಸರಾಸರಿ ಅದು. ನಡುವೆ ಒಂದೊಂದು ಅದರ ಎರಡು ಪಟ್ಟು ಎತ್ತರ ಬರಬಹುದು. ಅರ್ಧ ಗಂಟೆ ನೀರಿನಲ್ಲಿ ಇರುವವನಿಗೆ ಆ ಒಂದೊಂದೇ ಮುಖ್ಯ.

ಆದರೆ ನಾನು ಮೊದಲು ನೋಡುವುದು ಎತ್ತರವನ್ನಲ್ಲ, ಅವಧಿಯನ್ನು. ಒಂದು ಅಲೆಯ ತುದಿ ಹೋಗಿ ಮುಂದಿನದರ ತುದಿ ಬರೋಕೆ ಎಷ್ಟು ಸೆಕೆಂಡ್ ಅನ್ನೋ ಲೆಕ್ಕ ಅದು. ಆಳ ನೀರಿನಲ್ಲಿ ಅಲೆಯ ಉದ್ದ ಸಿಗಬೇಕಂದ್ರೆ ಸೆಕೆಂಡನ್ನು ಅದರಿಂದಲೇ ಗುಣಿಸಿ, ಮತ್ತೆ 1.56ರಿಂದ ಗುಣಿಸಿದರೆ ಮೀಟರಿನಲ್ಲಿ ಬರುತ್ತದೆ. 8 ಸೆಕೆಂಡಿನ ಅಲೆ ಸುಮಾರು 100 ಮೀಟರ್. 17 ಸೆಕೆಂಡಿನದು 450 ಮೀಟರ್. ನಮ್ಮ ಹುಬ್ಬಳ್ಳಿ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ 1507 ಮೀಟರ್ ಉದ್ದ ಇದೆಯಲ್ಲ, ಅದರ ಪಕ್ಕ ಇಟ್ಟರೆ 8 ಸೆಕೆಂಡಿನ ಅಲೆ ಹದಿನೈದು ಹಿಡಿಯುತ್ತವೆ, 17 ಸೆಕೆಂಡಿನದು ಮೂರೇ. ಎತ್ತರ ಎರಡಕ್ಕೂ ಒಂದೇ ಇರಲಿ, ಹಿಂದೆ ತಳ್ಳಿಕೊಂಡು ಬರುವ ನೀರು ಎಲ್ಲಿಗೆಲ್ಲಿ? ಉದ್ದದ ಅಲೆ ಸಮುದ್ರದ ತಳವನ್ನು ಬಹಳ ದೂರದಲ್ಲೇ ಮುಟ್ಟುತ್ತದೆ, ದಂಡೆಗೆ ಬರುತ್ತಾ ಇನ್ನೂ ಎದ್ದು ನಿಲ್ಲುತ್ತದೆ. ಸಮುದ್ರದಲ್ಲಿ ಒಂದೇ ಎತ್ತರ ಇದ್ದದ್ದು ಮರಳ ದಿಬ್ಬದ ಮೇಲೆ ಬೇರೆ ಬೇರೆ ಎತ್ತರಕ್ಕೆ ಒಡೆಯುತ್ತದೆ.

ಕಳೆದ ಚಳಿಗಾಲದ ಒಂದು ದಿನ ಹೇಳ್ತೀನಿ. ದುಡ್ಡಿನ ಆ್ಯಪಿನಲ್ಲಿ ಹಸಿರು, ನಾಲ್ಕರಿಂದ ಆರು ಅಡಿ. ಬೋಯ್ ಪುಟದ ಕೊನೆಯ ಸಾಲಿನಲ್ಲಿ 2.4 ಮೀಟರ್, 17 ಸೆಕೆಂಡ್, ವಾಯವ್ಯ-ಪಶ್ಚಿಮದಿಂದ. ಅದಕ್ಕೂ ಎರಡು ಗಂಟೆ ಹಿಂದಿನ ಸಾಲಿನಲ್ಲಿ ಅವಧಿ 11 ಇತ್ತು. ಅಂದ್ರೆ ದೂರದ ಹೊಸ ಅಲೆಗಳು ಆಗಷ್ಟೇ ಮುಟ್ಟುತ್ತಿವೆ. ಉದ್ದದ ಅವಧಿಯವು ಯಾವಾಗಲೂ ಮುಂದೆ ಬರುತ್ತವೆ, ಅವುಗಳ ವೇಗ ಜಾಸ್ತಿ. 17 ಸೆಕೆಂಡಿನ ಅಲೆಗುಂಪು ಗಂಟೆಗೆ 48 ಕಿಲೋಮೀಟರ್ ಸಾಗುತ್ತದೆ. ಬೋಯ್‌ನಿಂದ ದಂಡೆಗೆ ಮುಕ್ಕಾಲು ಗಂಟೆ ಹಿಡಿಯಿರಿ. ಆ ಸಾಲನ್ನೇ ಸ್ಕ್ರೀನ್‌ಶಾಟ್ ತೆಗೆದು ಕಳಿಸಿದೆ, ಒಂದು ಮಾತೂ ಬರೆಯಲಿಲ್ಲ. ಅವನು ದಂಡೆಯ ಮರಳುಗುಡ್ಡದ ಮೇಲೆ ನಿಂತು ಸ್ವಲ್ಪ ಹೊತ್ತು ನೋಡಿ, ಕಾರು ತಿರುಗಿಸಿ ಪಕ್ಕದ ಊರು ಪೆಸಿಫಿಕಾದ ಲಿಂಡಾ ಮಾರ್ ದಂಡೆಗೆ ಹೋದ. ಅಲ್ಲಿ ಗುಡ್ಡದ ಮರೆ ಇದೆ, ಅಲೆ ಸಣ್ಣದಾಗುತ್ತದೆ. "ಪಪ್ಪಾ, ಇವತ್ತಿಂದು ನಂದಲ್ಲ" ಅಂತ ಮೆಸೇಜ್ ಬಂತು. ಅವತ್ತು ಅಂಗಡಿಯಲ್ಲಿ ಎಲ್ಲರಿಗೂ ಚಹಾ ತರಿಸಿದೆ, ಯಾಕೆ ಅಂತ ಹೇಳಲಿಲ್ಲ.

ಇನ್ನೊಂದು ಬೋಯ್ ಇದೆ, 46237. ಅದು ದಂಡೆಗೆ ಹತ್ತಿರ, ಸ್ಯಾನ್ ಫ್ರಾನ್ಸಿಸ್ಕೋ ಬಾರ್ ಅನ್ನೋ ಮರಳ ದಿಬ್ಬದ ಬಳಿ. ಅದನ್ನು ನೋಡಿಕೊಳ್ಳುವುದು ಸ್ಕ್ರಿಪ್ಸ್ ಸಾಗರ ಸಂಶೋಧನಾ ಸಂಸ್ಥೆಯ ಸಿಡಿಐಪಿ ಅನ್ನೋ ಅಲೆ ಅಳೆಯುವ ಯೋಜನೆ. ಅರ್ಧ ಗಂಟೆಗೊಮ್ಮೆ ಹೊಸ ಅಂಕಿ. ಎರಡನ್ನೂ ಪಕ್ಕಪಕ್ಕ ತೆರೆದಿಟ್ಟರೆ ಹೊರಗಿನ ಅಲೆ ಒಳಗೆ ಬರುವಾಗ ಎಷ್ಟು ಉಳಿಯಿತು ಗೊತ್ತಾಗುತ್ತದೆ. ಒಂದು ಎಚ್ಚರ: ಯಾವ ಬೋಯ್ ಆದರೂ ದೊಡ್ಡ ಬಿರುಗಾಳಿಯಲ್ಲಿ ಕೆಟ್ಟು ನಿಲ್ಲಬಹುದು, ಸರಪಳಿ ಕಿತ್ತು ತೇಲಿ ಹೋಗಲೂಬಹುದು. ರಿಪೇರಿಗೆ ಹಡಗು, ಒಳ್ಳೆ ಹವಾಮಾನ ಎರಡೂ ಬೇಕು. ಅದಕ್ಕೇ ಒಂದನ್ನೇ ನೆಚ್ಚಿಕೊಂಡು ಕೂರಬಾರದು.

ನೀರಿನ ತಂಪಿನ ಬಗ್ಗೆ. ನಮ್ಮ ಕಾರವಾರ, ಗೋಕರ್ಣದ ನೀರು 27, 28 ಡಿಗ್ರಿ ಆಸುಪಾಸು ಇರುತ್ತದೆ. ಓಷನ್ ಬೀಚಿನಲ್ಲಿ 10ರಿಂದ 15. ಇನ್ನೂ ವಿಚಿತ್ರ ಅಂದ್ರೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ಏರುತ್ತಿರುವಾಗಲೇ ನೀರು ಅತ್ಯಂತ ತಣ್ಣಗಿರುತ್ತದೆ. ವಾಯವ್ಯದ ಗಾಳಿ ದಂಡೆಯುದ್ದಕ್ಕೂ ಬೀಸುತ್ತದೆ, ಭೂಮಿ ತಿರುಗುವುದರಿಂದ ಮೇಲಿನ ನೀರು ಬಲಕ್ಕೆ ವಾಲಿ ಸಮುದ್ರದ ಒಳಗಡೆ ಸರಿಯುತ್ತದೆ, ಆ ಜಾಗಕ್ಕೆ ತಳದ ತಣ್ಣೀರು ಮೇಲೆ ಬರುತ್ತದೆ. ಬೆಚ್ಚಗಾಗೋದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ನನ್ನ ಹೆಂಡತಿ ಮೇ ತಿಂಗಳಲ್ಲಿ ಅಲ್ಲಿಗೆ ಹೋದಾಗ ಬೇಸಿಗೆ ಅಂತ ಸ್ವೆಟರ್ ಬಿಟ್ಟು ಹೋಗಿದ್ದಳು, ಅದರ ಕಥೆ ಬೇರೆ.

ಹಾಗಾಗಿ ಬೋಯ್ ಪುಟದ ನೀರಿನ ಉಷ್ಣತೆಯನ್ನು ಸುಮ್ನೆ ಬಿಡೋ ಹಾಗಿಲ್ಲ. ಮಗ ಹಾಕುವುದು 4/3 ವೆಟ್‌ಸೂಟ್: ಎದೆ, ಬೆನ್ನಿಗೆ 4 ಮಿಲಿಮೀಟರ್ ದಪ್ಪ, ಕೈಕಾಲಿಗೆ 3. ನೀರು 11ಕ್ಕೆ ಇಳಿದರೆ ಕಾಲಿಗೆ ಬೂಟು, ತಲೆಗೆ ಟೊಪ್ಪಿಗೆಯೂ ಬೇಕು. 15ಕ್ಕಿಂತ ಕೆಳಗಿನ ನೀರು ತಟ್ಟನೆ ಮುಖಕ್ಕೆ ಹೊಡೆದರೆ ಉಸಿರು ತಾನಾಗೇ ಎಳೆದುಕೊಳ್ಳುತ್ತದೆ, ಆ ಕ್ಷಣ ಅಲೆಯ ಕೆಳಗಿದ್ದರೆ ಕಷ್ಟ. ಸ್ವಲ್ಪ ಹೊತ್ತಿಗೆ ತೋಳು ಸೋಲುತ್ತದೆ. ದುಡ್ಡಿನ ಆ್ಯಪಿನಲ್ಲೂ ಉಷ್ಣತೆ ಇದೆ, ಆದರೆ ಪುಟದ ತಳದಲ್ಲಿ ಸಣ್ಣಕ್ಷರದಲ್ಲಿ. ಅದು ಮೇಲಿರಬೇಕಿತ್ತು.

ವಿಂಡಿ ಜೆಕ್ ದೇಶದಲ್ಲಿ ಹುಟ್ಟಿದ ಸೇವೆ. ಇದು ಮುಂದಿನ ದಿನಗಳಿಗೆ. ನಕ್ಷೆಯ ಮೇಲೆ ಗಾಳಿ ಹರಿಯುವುದು ಕಾಣುತ್ತದೆ, ಅಲೆಯ ಪದರದಲ್ಲಿ ದೂರದಿಂದ ಬಂದ ಅಲೆ ಬೇರೆ, ಅಲ್ಲೇ ಗಾಳಿಗೆ ಎದ್ದ ಅಲೆ ಬೇರೆ ಮಾಡಿ ತೋರಿಸುತ್ತದೆ. ಅಲಾಸ್ಕಾ ಕಡೆ ಒಂದು ಚಂಡಮಾರುತ ಸುತ್ತುತ್ತಿದ್ದರೆ ಎರಡು ಮೂರು ದಿನಕ್ಕೆ ಓಷನ್ ಬೀಚಿಗೆ ಅಲೆ ಬಂತು ಅಂತಲೇ ಲೆಕ್ಕ. ಬೇಸಿಗೆಯಲ್ಲಿ ನ್ಯೂಜಿಲೆಂಡ್ ಕೆಳಗಿನ ದಕ್ಷಿಣ ಸಾಗರದಿಂದ ಹೊರಟ ಅಲೆ ಒಂದು ವಾರ ದಾಟಿ ಬಂದು ಮುಟ್ಟುತ್ತದೆ. ಅಷ್ಟು ದೂರ ಬಂದರೂ ಅದರ ಅವಧಿ ಮಾತ್ರ ಉದ್ದವೇ.

ನಾನು ಅಮೆರಿಕದ ಜಿಎಫ್‌ಎಸ್, ಯುರೋಪಿನ ಇಸಿಎಂಡಬ್ಲ್ಯುಎಫ್ ಎರಡೂ ಮಾದರಿ, ಅಂದ್ರೆ ಹವಾಮಾನ ಊಹಿಸುವ ಕಂಪ್ಯೂಟರ್ ಲೆಕ್ಕ, ವಿಂಡಿಯಲ್ಲಿ ಒತ್ತಿ ನೋಡುತ್ತೇನೆ. ಎರಡೂ ಒಂದೇ ಮಾತು ಹೇಳಿದರೆ ಸರಿ. ಒಂದು ಪೂರ್ವ, ಇನ್ನೊಂದು ಪಶ್ಚಿಮ ಅಂದ್ರೆ ಮರುದಿನ ಮತ್ತೆ ನೋಡಬೇಕು. ನಾಲ್ಕೈದು ದಿನ ದಾಟಿದ ಮುನ್ಸೂಚನೆಯನ್ನು ನಾನು ನಂಬೋದಿಲ್ಲ, ನೋಡಿ ಮರೆಯುತ್ತೇನೆ.

ಗಾಳಿಯ ಲೆಕ್ಕ ಓಷನ್ ಬೀಚಿಗೆ ಸರಳ. ದಂಡೆ ಪಶ್ಚಿಮಕ್ಕೆ ಮುಖ ಮಾಡಿದೆ. ಬೆಳಗ್ಗೆ ಪೂರ್ವದಿಂದ, ಅಂದ್ರೆ ನೆಲದ ಕಡೆಯಿಂದ ಮೆಲ್ಲಗೆ ಬೀಸಿದರೆ ಅಲೆಯ ಮುಖ ನುಣುಪಾಗಿ ನಿಲ್ಲುತ್ತದೆ. ಮಧ್ಯಾಹ್ನದ ಹೊತ್ತಿಗೆ ವಾಯವ್ಯದ ಗಾಳಿ ಎದ್ದು ಎಲ್ಲಾ ಕಲಕಿಬಿಡುತ್ತದೆ. ಸೆಪ್ಟೆಂಬರಿಂದ ನವೆಂಬರ್ ತನಕ ಅವನ ಫೋನ್ ಜಾಸ್ತಿ ಹೊತ್ತು ಸಿಗುವುದಿಲ್ಲ. ಅದೇ ಅಲ್ಲಿ ಒಳ್ಳೆ ಕಾಲ.

ಭರತ-ಇಳಿತಕ್ಕೆ ಸರಕಾರಿ ಪಟ್ಟಿ ಇದೆ, ಅಷ್ಟು ಸಾಕು. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಬಾಯಿಯಾದ ಗೋಲ್ಡನ್ ಗೇಟ್ ಬಳಿಯ ಅಳತೆ ಕೇಂದ್ರ 1854ರಿಂದ ನೀರಿನ ಮಟ್ಟ ಬರೆದಿಡುತ್ತಾ ಬಂದಿದೆ ಅನ್ನೋದು ನನಗೆ ಇಷ್ಟದ ವಿಷಯ. ನೀರು ಇಳಿಯುವಾಗ ಇಡೀ ಕೊಲ್ಲಿಯ ನೀರು ಆ ಕಿರಿದಾದ ಬಾಯಿಂದ ಹೊರಗೆ ಹೋಗುತ್ತದೆ, ದಂಡೆಯ ಉತ್ತರದ ತುದಿಯಲ್ಲಿ ಸೆಳೆತ ಆಗ ಬೇರೆಯೇ.

ಇಷ್ಟೆಲ್ಲಾ ನೋಡಿದರೂ ಒಂದು ವಿಷಯ ಯಾವ ಆ್ಯಪೂ ಹೇಳುವುದಿಲ್ಲ: ಮರಳು ಇವತ್ತು ಎಲ್ಲಿದೆ. ಬಂಡೆಯ ಮೇಲೆ ಒಡೆಯುವ ಅಲೆಯ ಜಾಗ ಗಟ್ಟಿ. ಇದು ಮರಳ ದಿಬ್ಬದ ಮೇಲೆ ಒಡೆಯೋದು. ಒಂದು ದೊಡ್ಡ ಬಿರುಗಾಳಿ ಬಂದರೆ ದಿಬ್ಬ ಸರಿದು ಹೋಗಿರುತ್ತದೆ. ಹೋದ ವಾರ ಚೆಂದ ಒಡೆದ ಜಾಗದಲ್ಲಿ ಈ ವಾರ ಉದ್ದಕ್ಕೂ ಗೋಡೆಯಾಗಿ ಬೀಳುತ್ತದೆ, ಒಳಗೆ ಹೋಗೋಕೆ ದಾರಿಯೇ ಇರುವುದಿಲ್ಲ. ಮಾದರಿಗಳು ನಕ್ಷೆಯನ್ನು ಚೌಕ ಚೌಕ ಮಾಡಿ ಲೆಕ್ಕ ಹಾಕುವ ಜಾಲರಿ ಕಿಲೋಮೀಟರುಗಳ ಲೆಕ್ಕದ್ದು, ಮರಳ ದಿಬ್ಬ ಹತ್ತಿಪ್ಪತ್ತು ಮೀಟರಿನ ಲೆಕ್ಕದ್ದು. ಅದಕ್ಕೇ ಅವನು ಮೊದಲು ಗುಡ್ಡದ ಮೇಲೆ ನಿಂತು ನೋಡುತ್ತಾನೆ. ಅದೊಂದು ನನ್ನಿಂದ ಇಲ್ಲಿ ಕೂತು ಆಗೋದಿಲ್ಲ.

ದುಡ್ಡಿನ ಆ್ಯಪಿನಲ್ಲಿ ದಂಡೆಯನ್ನು ನೇರವಾಗಿ ತೋರಿಸುವ ಕ್ಯಾಮೆರಾ ಇದಕ್ಕೇ ಇರೋದು, ಅದೊಂದು ನಿಜವಾಗಿ ಒಳ್ಳೇದು. ಆದರೆ ಡಿಸೆಂಬರಿನಲ್ಲಿ ಅಲ್ಲಿ ಸೂರ್ಯ ಏಳುವುದು ಏಳೂ ಇಪ್ಪತ್ತರ ಸುಮಾರಿಗೆ, ನಮಗೆ ರಾತ್ರಿ ಒಂಬತ್ತಕ್ಕೆ ಹತ್ತು ನಿಮಿಷ ಕಮ್ಮಿ. ಅಷ್ಟು ಹೊತ್ತಿಗೆ ಅವನು ನೀರಿನಲ್ಲಿರುತ್ತಾನೆ. ಬೇಸಿಗೆಯಲ್ಲಿ ಬೆಳಕಿದೆ, ಆದರೆ ಮಂಜು. ಸಾಕಷ್ಟು ಸಂಜೆ ನಾನು ದುಡ್ಡು ಕೊಟ್ಟು ಬೂದು ಬಣ್ಣದ ಪರದೆ ನೋಡಿದ್ದೇನೆ. ಅದೇ ಊರಿನಲ್ಲಿದ್ದು, ಹತ್ತು ನಿಮಿಷದಲ್ಲಿ ಹೋಗಬೇಕೋ ಬೇಡವೋ ಅಂತ ತೀರ್ಮಾನ ಮಾಡುವವರಿಗೆ ಕ್ಯಾಮೆರಾಕ್ಕೆ ದುಡ್ಡು ಕೊಡಬಹುದು. ನಮಗಲ್ಲ.

ವಿಂಡಿ ನನಗೆ ಅಂಗಡಿಗೂ ಬಂತು ಅನ್ನೋದನ್ನು ಹೇಳಲೇಬೇಕು. ಬ್ಯಾಡಗಿ ಕಡೆಯ ರೈತರು ಮೆಣಸಿನಕಾಯಿ ಕಣದಲ್ಲಿ ಹರವಿದಾಗ ಮೋಡ ಕಂಡರೆ ಸಾಕು, ಅಂಗಡಿಗೆ ಫೋನ್: "ಸಾವ್ಕಾರ್ರ, ಮಳಿ ಬರತೈತೇನ್ರಿ? ತಾಡಪತ್ರಿ ಎಷ್ಟ್ ಅದಾವು?" ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ ಆಗಿ ಬರುವ ಮಳೆಯನ್ನು ವಿಂಡಿ ಎರಡು ಮೂರು ದಿನ ಮುಂಚೆ ಚೆನ್ನಾಗಿ ಹಿಡಿಯುತ್ತದೆ. ಏಪ್ರಿಲ್, ಮೇ ತಿಂಗಳ ಅಡ್ಡಮಳೆ ಮಾತ್ರ ಆಗೋದಿಲ್ಲ. ಹಾವೇರಿಯಲ್ಲಿ ಆಲಿಕಲ್ಲು, ಬ್ಯಾಡಗಿಯಲ್ಲಿ ಬಿಸಿಲು. ಅಷ್ಟು ಸಣ್ಣ ಜಾಗದ ಗುಡುಗುಮಳೆ ಆ ಜಾಲರಿಗೆ ಸಿಗುವುದಿಲ್ಲ. ಅವತ್ತು ರಡಾರ್ ಚಿತ್ರ ನೋಡಬೇಕು, ಇಲ್ಲಾ ತಾಡಪತ್ರಿ ಮೊದಲೇ ಒಯ್ಯಬೇಕು. ಎರಡನೇದನ್ನೇ ನಾನು ಹೇಳೋದು, ವ್ಯಾಪಾರ ನೋಡಿ!

ಗೋಕರ್ಣ, ಮುಲ್ಕಿ ಕಡೆ ಅಲೆ ನೋಡಲು ಹೋಗುವ ನಮ್ಮ ಹುಬ್ಬಳ್ಳಿ-ಧಾರವಾಡದ ಹುಡುಗರಿಗೆ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಕೊಡುವ ಸಾಗರ ಮುನ್ಸೂಚನೆ, ಎತ್ತರದ ಅಲೆಯ ಎಚ್ಚರಿಕೆ ಇದೆ. ಮೀನುಗಾರರಿಗೆ ಅಂತ ಮಾಡಿದ್ದು, ಉಚಿತ. ಅವಧಿ ನೋಡೋ ಪಾಠ ಅಲ್ಲೂ ನಡೆಯುತ್ತದೆ.

ಬಳಸೋಕೆ ಶುರು ಮಾಡುವವರಿಗೆ ಸೆಟ್ಟಿಂಗ್ ಬಗ್ಗೆ ಒಂದು ಮಾತು. ಬೋಯ್ ಪುಟದ ಸಮಯವನ್ನು ಜಿಎಂಟಿಗೆ (ಗ್ರೀನಿಚ್ ಸಮಯ) ಇಟ್ಟುಕೊಳ್ಳಿ, ಐದೂವರೆ ಗಂಟೆ ಕೂಡಿಸಿದರೆ ನಮ್ಮ ಸಮಯ, ವರ್ಷವಿಡೀ ಅದೇ. ಅಲ್ಲಿನ ಸ್ಥಳೀಯ ಸಮಯ ಇಟ್ಟರೆ ಮಾರ್ಚಿನ ಎರಡನೇ ಭಾನುವಾರ ಒಮ್ಮೆ, ನವೆಂಬರಿನ ಮೊದಲ ಭಾನುವಾರ ಇನ್ನೊಮ್ಮೆ ಒಂದು ಗಂಟೆ ಏರುಪೇರಾಗುತ್ತದೆ. ಅಳತೆಯನ್ನು ಮೆಟ್ರಿಕ್‌ಗೆ ಬದಲಿಸಿ, ಇಲ್ಲಾಂದ್ರೆ ಅಡಿ, ಫ್ಯಾರನ್‌ಹೀಟ್ ಬರುತ್ತದೆ. ಪುಟವನ್ನು ಫೋನಿನ ಮುಖಪುಟಕ್ಕೆ ಸೇರಿಸಿಕೊಳ್ಳಬಹುದು. ಎರಡು ಜಿ ಸಿಗ್ನಲ್ ಇದ್ದರೂ ತೆರೆಯುವಷ್ಟು ಹಗುರ ಅದು.