ಸೈಟ್ ಕೆಟ್ಟಿದೆ ಅಂತ ಹೇಳಲು ಫೋನಾ, ಇಮೇಲಾ?

ದಸರಾಕ್ಕೆ ಮೈಸೂರಿನ ಹೋಮ್‌ಸ್ಟೇ ಒಂದರಲ್ಲಿ ರೂಮ್ ಬುಕ್ ಮಾಡಲು ಹೋದಿರಿ, ಪುಟವೇ ತೆರೆಯಲಿಲ್ಲ ಅಂದುಕೊಳ್ಳಿ. ಯಾರಿಗೆ, ಹೇಗೆ ಹೇಳೋದು?

ಫೋನ್ ಬೇಗ. ದುಡ್ಡು ಕಟ್ ಆಗಿ ಬುಕಿಂಗ್ ಆಗದಿದ್ದರೆ ಅದೇ ಸರಿ. ಆದರೆ ಫೋನ್ ಎತ್ತುವವರು ಒಬ್ಬರು, ಸೈಟ್ ನೋಡಿಕೊಳ್ಳುವವರು ಇನ್ನೊಬ್ಬರು. "ಓಪನ್ ಆಗ್ತಿಲ್ವಂತೆ" ಅನ್ನುವಷ್ಟೇ ಅವರಿಗೆ ತಲುಪುತ್ತದೆ.

ಇಮೇಲ್ ನಿಧಾನ, ಆದರೂ ನನ್ನ ಓಟು ಇದಕ್ಕೇ. ಪುಟದ ಪೂರ್ತಿ ವಿಳಾಸ, ಏನು ಒತ್ತಿದಿರಿ, ಏನಾಯಿತು, ಎಷ್ಟು ಗಂಟೆಗೆ, ಯಾವ ಬ್ರೌಸರ್ ಅಂತ ಬರೆಯಿರಿ. ಪರದೆಯ ಮೇಲೆ ಬಂದ ಸಂಖ್ಯೆ ಬಿಡಬೇಡಿ. 404 ಅಂದರೆ ಆ ವಿಳಾಸದಲ್ಲಿ ಪುಟ ಸಿಗಲಿಲ್ಲ. 500 ಅಂದರೆ ಸರ್ವರ್ (ಸೈಟನ್ನು ನಡೆಸುವ ಕಂಪ್ಯೂಟರ್) ಒಳಗೇ ತೊಂದರೆ. ಹುಡುಕುವವರಿಗೆ ಇವೆರಡೂ ಬೇರೆ ಬೇರೆ ದಾರಿ. ಸ್ಕ್ರೀನ್‌ಶಾಟ್ ಇರಲಿ, ಕಾರ್ಡ್ ನಂಬರ್ ಮುಚ್ಚಿ. ಕಳಿಸುವ ಮುಂಚೆ ಇನ್‌ಕಾಗ್ನಿಟೋದಲ್ಲೂ, ಅಂದರೆ ಬ್ರೌಸರಿನ ಖಾಸಗಿ ಕಿಟಕಿಯಲ್ಲೂ, ತೆರೆದು ನೋಡಿ. ಅಲ್ಲಿ ಸರಿ ಬಂದರೆ ನಿಮ್ಮ ಬ್ರೌಸರಿನ ಹಳೆಯ ಕುಕೀಗಳದೇ (ಸೈಟ್ ಅಲ್ಲಿ ಉಳಿಸಿಟ್ಟ ಸಣ್ಣ ಮಾಹಿತಿ) ಕಾಟ ಇರಬಹುದು.

ಮಾತು? "ಸಾರ್, ಈ ಪುಟ ತೆರೆಯುತ್ತಿಲ್ಲ, ದಯವಿಟ್ಟು ಒಮ್ಮೆ ನೋಡ್ತೀರಾ?" ಇಷ್ಟು ಸಾಕು. ಸುಮ್ನೆ ರೇಗಿದರೆ ಸರ್ವರ್ ಏನೂ ಹೆದರಲ್ಲ, ಅಲ್ವಾ?

ಬೇರೆಯವರ ಬುಕಿಂಗ್ ವಿವರವೇ ನಿಮಗೆ ಕಾಣಿಸಿದರೆ ವಾಟ್ಸಾಪ್ ಗ್ರೂಪಿಗೆ ಹಾಕಬೇಡಿ. ತಕ್ಷಣ ಮಾಲೀಕರಿಗೇ ನೇರವಾಗಿ ತಿಳಿಸಿ.