ಹಿಂದಿನ ಸಾಲಿನವನ ಕಛೇರಿ: ಥಾಮಸ್ ಮಾರ್ಟಿನ್ ನುಡಿಸಿದ ಬೊಟ್ಟೆಸಿನಿ

ಮದುವೆ ಆರ್ಕೆಸ್ಟ್ರಾದಲ್ಲಿ ಹನ್ನೆರಡು ವರ್ಷದಿಂದ ಬೇಸ್ ಗಿಟಾರ್ ನುಡಿಸುತ್ತಿದ್ದೇನೆ. ಕೀಬೋರ್ಡ್‌ನವನಿಗೆ ಒನ್ಸ್ ಮೋರ್, ಡ್ರಮ್ಸ್‌ನವನಿಗೆ ಶಿಳ್ಳೆ. ಬೇಸ್‌ನವನಿಗೆ ಕೊನೇ ಪಂಕ್ತಿಯ ಊಟ. ಅಂಥವನ ಕೈಗೆ ಡಬಲ್ ಬೇಸ್ ಅಂದರೆ ನಿಲ್ಲಿಸಿಕೊಂಡು ನುಡಿಸುವ ದೈತ್ಯ ಪಿಟೀಲಿನ ಆಲ್ಬಂ, ನ್ಯಾಕ್ಸೋಸ್ ರೆಕಾರ್ಡ್ ಕಂಪನಿಯ ‘ಬೊಟ್ಟೆಸಿನಿ ಕಲೆಕ್ಷನ್’ ಮೊದಲ ಭಾಗ ಸಿಕ್ಕಿದರೆ ಬಿಡುತ್ತಾನಾ?

ಮೊದಲ ಸಲ ಅಡುಗೆಮನೆಯಲ್ಲಿ ಮೊಬೈಲ್ ಸ್ಪೀಕರಿನಲ್ಲೇ ಹಾಕಿದೆ. ಒಗ್ಗರಣೆ ಸಿಡಿದದ್ದು ಕೇಳಿಸಿತು, ಬೇಸ್ ಅರ್ಧಕ್ಕರ್ಧ ಮಾಯ. ದಯವಿಟ್ಟು ಹೆಡ್‌ಫೋನ್ ಹಾಕಿಕೊಂಡೇ ಕೇಳಿ.

ಜೊವಾನಿ ಬೊಟ್ಟೆಸಿನಿ 1821ರಲ್ಲಿ ಇಟಲಿಯ ಕ್ರೇಮಾದಲ್ಲಿ ಹುಟ್ಟಿದವನು. ಮಿಲಾನ್ ಸಂಗೀತ ಶಾಲೆಯಲ್ಲಿ ಫೀಸಿಲ್ಲದ ಸೀಟು ಉಳಿದಿದ್ದದ್ದು ಬಸೂನ್ ಎಂಬ ಊದುವ ವಾದ್ಯ ಮತ್ತು ಡಬಲ್ ಬೇಸ್‌ಗೆ ಮಾತ್ರ. ಹಾಗಾಗಿ ಬೇಸ್ ಹಿಡಿದ. ಆಮೇಲೆ ಟೆಸ್ಟೋರೆ ಎಂಬ ಇಟಲಿಯ ಕುಶಲಕರ್ಮಿ ಮಾಡಿದ ಮೂರೇ ತಂತಿಯ ಹಳೇ ಬೇಸ್ ಹೊತ್ತು ಊರೂರು ಸುತ್ತಿ, ಪಿಟೀಲು ಮಾಂತ್ರಿಕ ಪಗನಿನಿಯ ಹೆಸರಲ್ಲಿ ‘ಬೇಸ್‌ನ ಪಗನಿನಿ’ ಅನ್ನಿಸಿಕೊಂಡ. 1871ರಲ್ಲಿ ಕೈರೋದಲ್ಲಿ ವರ್ಡಿಯ ‘ಐಡಾ’ ಒಪೆರಾದ ಮೊದಲ ಪ್ರದರ್ಶನದಲ್ಲಿ ಆರ್ಕೆಸ್ಟ್ರಾ ನಡೆಸಿದವನೂ ಇವನೇ. ಸತ್ತ ಮೇಲೆ ಬೇಸ್‌ನವರನ್ನು ಬಿಟ್ಟರೆ ಜಾಸ್ತಿ ಜನ ನೆನಪಿಟ್ಟುಕೊಳ್ಳಲಿಲ್ಲ. ಮೆಡ್ಟ್‌ನರ್ ಎಂಬ ರಷ್ಯನ್ ಸಂಗೀತಕಾರನಿಗೆ ನಮ್ಮ ಜಯಚಾಮರಾಜ ಒಡೆಯರು ದುಡ್ಡು ಹಾಕಿ ರೆಕಾರ್ಡ್ ಮಾಡಿಸಿದ್ದರು. ಇವನಿಗೆ ಮಹಾರಾಜರು ಸಿಗಲಿಲ್ಲ, ಥಾಮಸ್ ಮಾರ್ಟಿನ್ ಸಿಕ್ಕರು. ಲಂಡನ್ ಸಿಂಫನಿ ಆರ್ಕೆಸ್ಟ್ರಾದಲ್ಲಿ ಬೇಸ್ ನುಡಿಸಿದವರು, ಬೇಸ್ ವಾದ್ಯವನ್ನು ತಯಾರಿಸುವುದನ್ನೂ ಬಲ್ಲವರು.

ಮೊದಲು ‘ಗ್ರಾನ್ ಡುಯೋ ಕೊಂಚೆರ್ಟಾಂಟೆ’ ಹಾಕಿ. ಮೂಲದಲ್ಲಿ ಎರಡು ಬೇಸ್‌ಗೆ ಬರೆದದ್ದು. ಆಮೇಲೆ ಒಂದು ಬೇಸ್‌ನ ಜಾಗಕ್ಕೆ ಪಿಟೀಲು ಬಂತು. ಇಲ್ಲಿ ಪಿಟೀಲು ಹೋಸೆ-ಲೂಯಿಸ್ ಗಾರ್ಸಿಯಾ ಅವರದ್ದು. ಪಿಟೀಲು ಒಂದು ಮಾತು ಎತ್ತಿದರೆ ಬೇಸ್ ಅದನ್ನೇ ಕಸಿದುಕೊಂಡು ಮೇಲೆ ಹತ್ತುತ್ತದೆ. ತಂತಿಯನ್ನು ಪೂರ್ತಿ ಒತ್ತದೆ ಬೆರಳು ಸುಮ್ನೆ ತಾಗಿಸಿದರೆ ಒಂದು ತೆಳು ಸ್ವರ ಬರುತ್ತದೆ ಅಲ್ವಾ, ಅದರಲ್ಲೇ ಸಾಲು ಸಾಲು ಹಾಡು. ಕೊಳಲಿನ ಹಾಗೆ. ಆಳೆತ್ತರ ಮೀರಿದ ವಾದ್ಯ, ಹಗ್ಗದಂಥ ತಂತಿ. ಅಂಥದ್ದರಲ್ಲಿ ಕೂದಲೆಳೆಯಷ್ಟು ಜಾರಿದರೂ ಅಪಸ್ವರ. ನನ್ನ ಗಿಟಾರಿಗಾದರೆ ಸ್ವರದ ಮನೆ ತೋರಿಸಲು ಫ್ರೆಟ್ಟು ಎಂಬ ಅಡ್ಡಪಟ್ಟಿಗಳಿವೆ, ಇದಕ್ಕೆ ಅದೂ ಇಲ್ಲ.

ಎಮ್ಮಾ ಜಾನ್ಸನ್ ಕ್ಲಾರಿನೆಟ್ ಜೊತೆಗಿನ ಡುಯೆಟ್ ಇನ್ನೂ ಮೆದು. ಹಿಂದೆ ಇಂಗ್ಲಿಷ್ ಛೇಂಬರ್ ಆರ್ಕೆಸ್ಟ್ರಾ.

ತಕರಾರೂ ಇದೆ. ಬೊಟ್ಟೆಸಿನಿಗೆ ಸರ್ಕಸ್ ಚಟ. ಕೆಲವು ಕಡೆ ಬೆರಳು ಓಡುತ್ತದೆ, ರಾಗ ಓಡಲ್ಲ. ಮತ್ತೆ ಬೇಸ್‌ನವನಾಗಿ ಕೇಳುತ್ತೇನೆ, ಕೆಳಗಿನ ಆ ಗುಡುಗು ಎಲ್ಲಿ ಮಾರಾಯಾ? ಯಾವಾಗಲೂ ಅಟ್ಟದ ಮೇಲೇ ಯಾಕೆ? ಐದಕ್ಕೆ ನಾಲ್ಕು ಕೊಡುತ್ತೇನೆ.

ಕಳೆದ ವಾರ ರಿಹರ್ಸಲ್‌ನಲ್ಲಿ ನಮ್ಮ ಕೀಬೋರ್ಡ್‌ನವನ ಕಿವಿಗೆ ಹೆಡ್‌ಫೋನ್ ಇಟ್ಟೆ. ಕಣ್ಣು ಮುಚ್ಚಿ ತಲೆದೂಗಿದ. ‘ಪಿಟೀಲು ಸಖತ್ತಾಗಿದೆ ಗುರೂ’ ಅಂದ. ಅದು ಪಿಟೀಲು ಸುಮ್ಮನಿದ್ದ ಜಾಗ.